ಶಿಕ್ಕಾ ಬಿದ್ದ ಕಾಗದ

ವಾಚನಾಲಯದ ಕೆಲಸದಲ್ಲಿ ನನಗೆ ಮೊದಲು ಕಲಿಸಿದ್ದು ಶಿಕ್ಕಾ ಹೊಡೆಯುವುದನ್ನು. ಪುಸ್ತಕವಿರಲಿ, ಪತ್ರಿಕೆಯಿರಲಿ, ಯಾರೋ ದಾನ ಕೊಟ್ಟ ಹಳೆಯ ಪಂಚಾಂಗವಿರಲಿ, ಒಳಗೆ ಬಂದ ಕಾಗದದ ಮೇಲೆ ಮೊದಲು ಶಿಕ್ಕಾ ಬೀಳಬೇಕು, ಉಳಿದದ್ದು ಆಮೇಲೆ. ನೇರಳೆ ಬಣ್ಣದ ಉರುಟು ಮುದ್ರೆ. ಸುತ್ತಲೂ ವಾಚನಾಲಯದ ಹೆಸರು, ನಡುವೆ ತಾರೀಖು ಬರೆಯಲು ಸಣ್ಣ ಖಾಲಿ ಜಾಗ. ಅದರ ಅರ್ಥ 'ಇದು ನಮ್ಮ ಸೊತ್ತು, ಮನೆಗೆ ಒಯ್ಯಬೇಡಿ' ಎಂದಷ್ಟೇ. 'ಇದರಲ್ಲಿ ಬರೆದದ್ದು ಸತ್ಯ' ಎಂದು ಅದು ಯಾವತ್ತೂ ಹೇಳಿಲ್ಲ. ಇಪ್ಪತ್ತು ವರ್ಷ ಶಿಕ್ಕಾ ಹೊಡೆದ ನನಗೆ ಈ ಎರಡರ ನಡುವಿನ ಅಂತರ ಎಷ್ಟೆಂದು ತಿಳಿದದ್ದು ನನ್ನ ಅಕ್ಕನ ಬಲಗೈ ಬಿದ್ದುಹೋದ ಮೇಲೆ.

ಸುತ್ತಿ ಬಳಸಿ ಹೇಳುವ ಚಾಳಿ ನನಗಿಲ್ಲ. ಅಕ್ಕನನ್ನು ಕೆಡವಿದ ಕಾಗದವನ್ನು ಗೋಡೆಗೆ ಹಚ್ಚಿದವಳು ನಾನು, ಅದರ ಮೇಲೆ ಶಿಕ್ಕಾ ಒತ್ತಿದವಳು ನಾನು. ಆಸ್ಪತ್ರೆಯ ಮಂಚದ ಮೇಲಿಂದ ಅವಳು ಅದರ ಬಗ್ಗೆ ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಆ ಸುಳ್ಳು ಎಂಟು ತಿಂಗಳು ಬೆಳಗಾವಿ ಖಾಸಬಾಗದ ನಮ್ಮ ಎರಡು ಕೋಣೆಯ ಮನೆಯಲ್ಲಿ ನಮ್ಮಿಬ್ಬರ ಜೊತೆಗೇ ಉಂಡಿತು, ಮಲಗಿತು. ಅದನ್ನು ಹೇಗೆ ಹೊರಹಾಕಿದೆ, ಹಾಕಿದ ಮೇಲೆ ಏನು ಉಳಿಯಿತು ಎಂದು ಬರೆಯಲು ಕೂತಿದ್ದೇನೆ.

ನಮ್ಮದು ಕುರಿ ಸಾಕುವ ಮನೆತನ. ಖಾನಾಪುರ ತಾಲೂಕೆಂದರೆ ಎಲ್ಲರಿಗೂ ಅಡವಿಯೇ ನೆನಪಾಗುತ್ತದೆ, ಆದರೆ ಪೂರ್ವಕ್ಕೆ ಬಂದರೆ ಬಯಲು. ನಾವು ಆ ಬಯಲಿನವರು. ಹಿಂಡಿನ ಹಿಂದೆ ಒಬ್ಬರು ಹೋಗಲೇಬೇಕಿತ್ತು. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಹೋದಳು, ನಾನು ಶಾಲೆಗೆ ಹೋದೆ. ಹೀಗಾಗಬೇಕೆಂದು ಮನೆಯಲ್ಲಿ ಯಾರೂ ಕೂತು ತೀರ್ಮಾನಿಸಲಿಲ್ಲ, ತಾನಾಗಿಯೇ ಆಯಿತು. ಮುಂದೆ ಅವಳಿಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ. ಅಷ್ಟರಲ್ಲಿ ನನಗೆ ನೌಕರಿ ಸಿಕ್ಕಿ ಬೆಳಗಾವಿಯಲ್ಲಿ ಮನೆ ಹಿಡಿದಿದ್ದೆ. ಬಾ ಎಂದೆ, ಒಂದು ಟ್ರಂಕು, ಒಂದು ಕಂಬಳಿ ಹಿಡಿದು ಬಂದಳು. ನಾನು ಮದುವೆಯ ಗೊಡವೆಗೆ ಹೋಗಲಿಲ್ಲ. ನಿನ್ನ ಸಿಟ್ಟು ತಾಳಿಕೊಳ್ಳಲು ನಾನೊಬ್ಬಳು ಸಾಕು, ಇನ್ನೊಂದು ಬಡಪಾಯಿ ಜೀವ ಯಾಕೆ ಎಂದು ಅವಳೇ ನಗುತ್ತಿದ್ದಳು.

ಅವಳು ಓದು ಕಲಿತದ್ದು ಮೂವತ್ತೈದು ದಾಟಿದ ಮೇಲೆ. ಬ್ಲೌಸು ಹೊಲಿಯುವುದನ್ನು ಕಲಿತು ಮನೆಯಲ್ಲೇ ಒಂದು ಮಷೀನು ಹಾಕಿಕೊಂಡಿದ್ದಳು. ನಾನು ತಂದಿಟ್ಟ ಪುಸ್ತಕವನ್ನು ಒಂದು ಸಂಜೆ ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸುತ್ತಿದ್ದಳು. ಏನು ಮಾಡುತ್ತಿದ್ದೀ ಎಂದರೆ, ಶಿಕ್ಕಾದ ಸುತ್ತ ಬರೆದದ್ದನ್ನು ಓದುತ್ತಿದ್ದೇನೆ ಎಂದಳು. ಎಲ್ಲ ಪುಸ್ತಕದಲ್ಲೂ ಇದೊಂದೇ ಬದಲಾಗುವುದಿಲ್ಲ, ಅದಕ್ಕೇ ಇದನ್ನು ಮೊದಲು ಹಿಡಿದೆ ಎಂದು ಅವಳ ವಾದ. ಮರುದಿನವೇ ಒಂದು ವಹಿ ತಂದು ಅಕ್ಷರಗಳನ್ನೂ ಕನ್ನಡ ಅಂಕಿಗಳನ್ನೂ ಬರೆದುಕೊಟ್ಟೆ, ಅವಳು ಕೆಳಗೆ ತಿದ್ದಿದಳು. ನನ್ನ ಬರವಣಿಗೆ ಬಲಕ್ಕೆ ವಾಲುತ್ತದೆ. ಅವಳದ್ದೂ ಹಾಗೇ ವಾಲಿತು. ಎರಡು ವರ್ಷದಲ್ಲಿ ಅವಳ ಓದು ನನ್ನನ್ನು ಮೀರಿಸಿತು. "ನಾಳಿ ದಪ್ಪಂದು ತಾರ್ಬೇ, ತೆಳ್ಳಂದು ಒಂದ ತಾಸಿಗೆ ಮುಗದ ಹೋಗ್ತೈತಿ" ಎಂದು ಸಂತೆಯಿಂದ ಕುಂಬಳಕಾಯಿ ತರಲು ಹೇಳಿದ ಹಾಗೆ ಹೇಳುತ್ತಿದ್ದಳು.

ನಾನು ದಿನವೂ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗುತ್ತಿದ್ದೆ. ನಮ್ಮ ವಾಚನಾಲಯ ಸಣ್ಣದು. ಮುಂದೆ ಪತ್ರಿಕೆ ಓದುವ ಕೋಣೆ, ಹಿಂದೆ ಪುಸ್ತಕಗಳ ಕಪಾಟು. ಪತ್ರಿಕೆಗಳ ಉದ್ದನೆಯ ಮೇಜಿನ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಓದುವವರೂ ಹಾಗೇ ಎರಡು ಬದಿಗೆ ಕೂರುತ್ತಿದ್ದರು, ಮಾತಿಗೆ ನಿಂತರೆ ಮಾತ್ರ ಎರಡೂ ಕಲಸಿಬಿಡುತ್ತಿದ್ದರು. ಎರಡೂ ಬದಿಗೆ ಕೂರುತ್ತಿದ್ದವರು ಒಬ್ಬರೇ, ಮರಾಠಿ ಶಾಲೆಯಿಂದ ನಿವೃತ್ತರಾದ ಮಾಸ್ತರರು. ಊರೆಲ್ಲ ಅವರನ್ನು ಗುರೂಜಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಒಂದೇ ಸುದ್ದಿಯನ್ನು ಮೊದಲು ಆ ಪತ್ರಿಕೆಯಲ್ಲಿ, ಆಮೇಲೆ ಈ ಪತ್ರಿಕೆಯಲ್ಲಿ ಓದುವುದು ಅವರ ರೂಢಿ. ಗಡಿಯ ವಿಷಯಕ್ಕೆ ಎಂದಾದರೂ ಬಂದ್ ಆದರೆ ಒಂದರಲ್ಲಿ ಊರಿಗೆ ಊರೇ ಸ್ತಬ್ಧ, ಇನ್ನೊಂದರಲ್ಲಿ ಎಂದಿನಂತೆ ವ್ಯಾಪಾರ.

"ಯಾವುದು ಖರೇ ಗುರೂಜಿ?" ಎಂದು ಯಾರಾದರೂ ಕೇಳಿದರೆ ಅವರು ಕನ್ನಡಕ ತೆಗೆದು, "ಎರಡೂ ಓದ್ರಿ. ಆಮ್ಯಾಲ ಕಿಡಕಿ ತಗದ ಓಣ್ಯಾಗ ಏನ ನಡದೈತಿ ನೋಡ್ರಿ. ಪೇಪರ ಓದೂದಂದ್ರ ಮೂರೂ ಮಾಡೂದು" ಎನ್ನುತ್ತಿದ್ದರು.

ಫೋನುಗಳು ಬಂದವು. ಕೋಣೆಗೆ ಬರುವವರು ಕಡಿಮೆಯಾಗಲಿಲ್ಲ, ಪತ್ರಿಕೆಯ ಮುಂದೆ ಕೂತು ಫೋನು ನೋಡತೊಡಗಿದರು. ಒಂದು ಮಳೆಗಾಲದ ಮಧ್ಯಾಹ್ನ ಊರಿನ ಸೇತುವೆ ಕೊಚ್ಚಿಹೋಯಿತು ಎಂದು ಒಂದು ಚಿತ್ರ ಎಲ್ಲರ ಫೋನಿಗೂ ಬಂತು. ಮಕ್ಕಳು ಆಚೆ ದಡದ ಶಾಲೆಯಲ್ಲಿದ್ದಾರೆ ಎಂದು ಒಬ್ಬ ತಾಯಿ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಗುರೂಜಿ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಈ ಸೇತುವಿ ಬಾಜೂಕ ತೆಂಗಿನ ಗಿಡ ಅದಾವ. ನಮ್ಮ ಹೊಳಿ ದಂಡಿಗೆ ತೆಂಗು ಎಲ್ಲಿಂದ ಬಂತ್ರಿ?" ಎಂದರು. ಅಷ್ಟೇ. ಕೋಣೆ ನಕ್ಕಿತು. ಆ ತಾಯಿ ಮಾತ್ರ ನಗಲಿಲ್ಲ, ಅಲ್ಲೇ ಕುಸಿದು ಕೂತು ಬಹಳ ಹೊತ್ತು ಅತ್ತಳು. ಅವಳಿಗೆ ನೀರು ಕೊಡುವಾಗ ನನಗೆ ಸಿಟ್ಟು ಬಂತು. ಇದಕ್ಕೆ ಏನಾದರೂ ಮಾಡಲೇಬೇಕು ಎಂದು ಗುರೂಜಿಗೆ ಹೇಳಿದೆ.

ಹಾಗೆ ಆ ಫಲಕ ಶುರುವಾಯಿತು. ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ, ಮೇಲೆ 'ಇದು ಖರೇ ಏನು?' ಎಂದು ನಾನು ಬರೆದೆ, ಕೆಳಗೆ ಅದನ್ನೇ ಗುರೂಜಿ ಮರಾಠಿಯಲ್ಲಿ ಬರೆದರು. ಫೋನಿಗೆ ಬಂದ ಒಂದು ಸುದ್ದಿಯನ್ನು ಸೋಮವಾರ ಪಕ್ಕದ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಹಚ್ಚುವುದು. ವಾರವಿಡೀ ಓದುಗರು ತಮಗೆ ತಿಳಿದದ್ದನ್ನು ಅದರ ಪಕ್ಕದಲ್ಲಿ ಬರೆಯಬೇಕು. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಮತ್ತೆ ಬೇರೆ ಯಾರು ಹೇಳಿದ್ದಾರೆ ಎಂಬ ಮೂರು ಪ್ರಶ್ನೆ. ಶನಿವಾರ ಎಲ್ಲರೂ ಕೂತು ಮಾತಾಡಿ ಅದರ ಮೇಲೆ ಕೆಂಪು ಅಕ್ಷರದಲ್ಲಿ ಖರೇ ಎಂದೋ ಸುಳ್ಳು ಎಂದೋ ಬರೆಯುವುದು. ಹಾಲು ಹಾಕುವವರು, ಕಾಲೇಜಿನ ಹುಡುಗಿಯರು, ಬಸ್ಸಿಗೆ ಕಾಯುವ ಹೆಂಗಸರು ಎಲ್ಲ ಸೇರಿದರು. ವಾಚನಾಲಯದ ಕೆಲಸ ಇಷ್ಟು ಸೊಗಸಾದದ್ದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದು ವರ್ಷದಲ್ಲಿ ಹೆಸರೂ ಬಂತು. ಬೆಳಗಾವಿ ಹಿಂದವಾಡಿಯ ಒಂದು ಮಹಿಳಾ ಮಂಡಳದವರು ಕರೆಸಿ ಮಾತಾಡಿಸಿ ಶಾಲು ಹೊದಿಸಿದರು. ಆ ದಿನಕ್ಕೆಂದೇ ಅಕ್ಕ ನನಗೆ ಹಸಿರು ಅಂಚಿನ ಬ್ಲೌಸು ಹೊಲಿದಿದ್ದಳು. ಕೊನೆಯ ಸಾಲಿನಲ್ಲಿ ಕೂತು ನನ್ನ ಭಾಷಣ ಕೇಳಿದಳು. ಪ್ರಶ್ನೆ ಕೇಳಲು ನಾಚಬೇಡಿ, ನೂರು ಸಲ ಕೇಳಿ, ಕೇಳಿದವರು ಕೆಡುವುದಿಲ್ಲ ಎಂದು ನಾನು ದನಿ ಏರಿಸಿ ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

ಮನೆಯಲ್ಲಿ ನಾನು ಬೇರೆಯೇ. ಅಕ್ಕನ ಬ್ಲೌಸಿನ ಗಿರಾಕಿಗಳದ್ದೊಂದು ಗುಂಪು ಫೋನಿನಲ್ಲಿತ್ತು, ದಿನಕ್ಕೆ ಹತ್ತು ಸುದ್ದಿ ಅದರಲ್ಲಿ ಬೀಳುತ್ತಿದ್ದವು. ನಾನು ಬಸ್ಸಿಳಿದು ಚಪ್ಪಲಿ ಬಿಡುವ ಮೊದಲೇ ಅವಳು ಫೋನು ಹಿಡಿದು ಬರುತ್ತಿದ್ದಳು. "ಇದು ಖರೇ ಏನಬೇ? ಉಪ್ಪಿನ್ಯಾಗ ಏನೋ ಕಲಸ್ಯಾರಂತ." ಖಾನಾಪುರದವರ ನೂರು ಪ್ರಶ್ನೆಗೆ ನಗುನಗುತ್ತ ಉತ್ತರಿಸಿದ ನನಗೆ ಅವಳ ಒಂದು ಪ್ರಶ್ನೆಗೆ ತಾಳ್ಮೆ ಇರುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಹಾಗೆ. ಒಂದು ಸಂಜೆ ತಲೆನೋವಿತ್ತು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ, ರೇಗಿಬಿಟ್ಟೆ.

"ಅಕ್ಕಾ, ನಿನಗ ಒಂದ ಮಾತ ಹೇಳ್ತೀನಿ, ತಲ್ಯಾಗ ಇಟ್ಕೋ. ಲೈಬ್ರರಿ ಶಿಕ್ಕಾ ಇಲ್ಲದ್ದು ಯಾವುದನ್ನೂ ನಂಬಬ್ಯಾಡ. ಮುಗೀತು. ಇನ್ನ ನನಗ ದಿನಾ ಕೇಳಬ್ಯಾಡ."

ಅವಳು ಫೋನನ್ನು ಸೆರಗಿನಿಂದ ಒರೆಸಿ ಮಷೀನಿನ ಮೇಲಿಟ್ಟಳು. "ಹೌದಬಿಡು, ಅದು ಸಸಾರ ಆತು" ಎಂದಳು. ಅಂದಿನಿಂದ ಕೇಳುವುದನ್ನು ಬಿಟ್ಟಳು. ಮನೆ ಶಾಂತವಾಯಿತು ಎಂದು ನನಗೆ ಖುಷಿಯೇ ಆಯಿತು, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಫಲಕಕ್ಕೆ ಹಚ್ಚುವ ಕಾಗದಗಳ ಮೇಲೂ ನಾನು ಶಿಕ್ಕಾ ಹೊಡೆಯುತ್ತಿದ್ದೆ. ಹೊಡೆಯಬೇಕೆಂದು ಯೋಚಿಸಿ ಹೊಡೆದದ್ದಲ್ಲ. ಒಳಗೆ ಬಂದ ಕಾಗದ ಕಂಡರೆ ನನ್ನ ಕೈ ತಾನಾಗಿ ಶಾಯಿಯ ಡಬ್ಬಿಗೆ ಹೋಗುತ್ತಿತ್ತು. ಮುದ್ರೆ ಒತ್ತಿ, ನಡುವಿನ ಜಾಗದಲ್ಲಿ ಕನ್ನಡ ಅಂಕಿಯಲ್ಲಿ ತಾರೀಖು ಬರೆದು, ಆಮೇಲೇ ಗೋಡೆಗೆ. ಗುರೂಜಿ ಒಮ್ಮೆ ಕೇಳಿದ್ದರು, "ಮ್ಯಾಡಂ, ಇದು ಇನ್ನೂ ಪರೀಕ್ಷಾ ಆಗಬೇಕಾದ ಕಾಗದ. ಇದಕ್ಕ್ಯಾಕ ಶಿಕ್ಕಾ?" ಎಂದು. "ನಿಯಮ ಐತ್ರಿ ಗುರೂಜಿ. ಒಳಗ ಬಂದದ್ದಕ್ಕೆಲ್ಲಾ ಹೊಡೀಬೇಕು" ಎಂದೆ. ಅವರು ತಲೆದೂಗಿ ಸುಮ್ಮನಾದರು. ನಿಯಮದ ಹೆಸರು ಹೇಳಿದರೆ ನಮ್ಮ ಕಡೆ ಯಾರೂ ಎರಡನೆಯ ಮಾತಾಡುವುದಿಲ್ಲ.

ಆ ಸೋಮವಾರದ ಕಾಗದದಲ್ಲಿ ಒಂದು ಎಲೆಯ ವಿಷಯವಿತ್ತು. ಅಡವಿಯಲ್ಲಿ ಸಿಗುವ ಒಂದು ಬಳ್ಳಿಯ ಎಲೆ, ಅದರ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿದರೆ ರಕ್ತದೊತ್ತಡ ಬೇರುಸಹಿತ ಹೋಗುತ್ತದೆ, ಕುಡಿಯಲು ಶುರುಮಾಡಿದ ದಿನದಿಂದಲೇ ಗುಳಿಗೆ ನಿಲ್ಲಿಸಬೇಕು, ಎರಡೂ ಸೇರಿದರೆ ವಿಷವಾಗುತ್ತದೆ ಎಂದು ಬರೆದಿತ್ತು. ಎಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಗೋಡೆಗೆ ಹಚ್ಚಿ ಅನುಭವಿಸಿದ್ದೇನೆ. ಆ ಶನಿವಾರ ತಾಲೂಕು ಆಸ್ಪತ್ರೆಯ ನರ್ಸೊಬ್ಬಳು ಬಂದು ತಿಳಿಸಿ ಹೇಳಿದಳು, ನಾವು ಕೆಂಪಕ್ಷರದಲ್ಲಿ ಸುಳ್ಳು ಎಂದು ಬರೆದೆವು, ಕಾಗದ ತೆಗೆದು ಕಡತಕ್ಕೆ ಸೇರಿಸಿದೆವು. ಆದರೆ ಮಂಗಳವಾರವೋ ಬುಧವಾರವೋ, ಪಕ್ಕದಲ್ಲಿ ಯಾರೂ ಇನ್ನೂ ಏನೂ ಬರೆಯುವ ಮೊದಲೇ, ಯಾರೋ ಅದರ ಫೋಟೋ ತೆಗೆದಿದ್ದರು. ಮೇಲಿನ 'ಇದು ಖರೇ ಏನು?' ಎಂಬ ಸಾಲು ಫೋಟೋದಲ್ಲಿ ಇರಲಿಲ್ಲ. ಇದ್ದದ್ದು ಬರೀ ಕಾಗದ, ಮತ್ತು ಅದರ ಮೂಲೆಯಲ್ಲಿ ಸ್ಪಷ್ಟವಾಗಿ ಮೂಡಿದ ನೇರಳೆ ಶಿಕ್ಕಾ. ತೆಗೆದವರು ಕೆಟ್ಟ ಮನಸ್ಸಿನಿಂದ ತೆಗೆದರೆಂದು ನಾನು ಈಗಲೂ ಅನ್ನಲಾರೆ. ನಮ್ಮ ಅತ್ತೆಗೆ ಉಪಯೋಗವಾದೀತು ಎಂದು ತೆಗೆದಿರಬಹುದು.

ಆ ದಿನಗಳಲ್ಲಿ ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಕಹಿ ಹಸಿರು ವಾಸನೆ ಇರುತ್ತಿತ್ತು. ಏನದು ಎಂದು ಕೇಳಿದೆ. "ಮೊಣಕಾಲ ನೋವಿಗೆ ಕಷಾಯ" ಎಂದಳು. ಬಸ್ಸಿಗೆ ಹೊತ್ತಾಗಿತ್ತು. ಖಾಸಬಾಗದ ಸಂತೆಗೆ ಸೊಪ್ಪು ಮಾರಲು ಬರುವ ಖಾನಾಪುರ ಕಡೆಯ ಹೆಂಗಸಿಗೆ ಹೇಳಿ ಆ ಎಲೆ ತರಿಸುತ್ತಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ. ಆರು ವರ್ಷದಿಂದ ತಪ್ಪದೆ ನುಂಗುತ್ತಿದ್ದ ರಕ್ತದೊತ್ತಡದ ಗುಳಿಗೆಯನ್ನು ಅವಳು ಮೂರು ವಾರ ಮುಟ್ಟಿರಲಿಲ್ಲ.

ಪಕ್ಕದ ಮನೆಯವರ ಫೋನು ಬಂದಾಗ ನಾನು ಪತ್ರಿಕೆಗಳಿಗೆ ಶಿಕ್ಕಾ ಹೊಡೆಯುತ್ತಿದ್ದೆ. ನಿಮ್ಮ ಅಕ್ಕ ಮಷೀನಿನ ಮುಂದೆಯೇ ಬಿದ್ದಿದ್ದಾರೆ, ಬಾಯಿ ಸೊಟ್ಟಗಾಗಿದೆ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದರು. ಖಾನಾಪುರದಿಂದ ಬೆಳಗಾವಿ ಅಷ್ಟು ದೂರವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರರು ಲಕ್ವಾ ಎಂದರು. ಬಲಗೈ, ಬಲಗಾಲು, ಅರ್ಧ ಮಾತು ಹೋಗಿತ್ತು. ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದರು. ಹೌದು ಎಂದೆ, ಖಚಿತವಾಗಿ. ಬಟ್ಟೆ ತರಲು ಮನೆಗೆ ಬಂದಾಗ ಗುಳಿಗೆಯ ಡಬ್ಬಿ ತೆರೆದೆ. ಅದು ಹೇಗಿತ್ತೋ ಹಾಗೇ ತುಂಬಿತ್ತು. ಏನಾಯಿತೆಂದು ತಿಳಿಯದೆ ಅವಳ ಫೋನು ತೆಗೆದು ನೋಡಿದೆ. ಗಿರಾಕಿಗಳ ಗುಂಪಿನಲ್ಲಿ ಆ ಫೋಟೋ ಸಿಕ್ಕಿತು. ನನ್ನ ಶಿಕ್ಕಾ, ನಡುವೆ ಬಲಕ್ಕೆ ವಾಲಿದ ನನ್ನ ಅಂಕಿಗಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತೆ.

ಮೂರನೆಯ ದಿನ ಅವಳಿಗೆ ಚೆನ್ನಾಗಿ ಎಚ್ಚರವಾಯಿತು. ಎಡಗೈ ಎತ್ತಿ ನನ್ನ ಕೈಯಲ್ಲಿದ್ದ ಅವಳ ಫೋನು ತೋರಿಸಿದಳು. ಬಾಯಿಂದ ಒಂದು ಶಬ್ದ ಬಂತು, ಶಿಕ್ಕಾ ಎಂದೋ ಏನೋ. ನಾನು ಅಳುತ್ತಿದ್ದೆ. ಅಳುತ್ತಲೇ ಹೇಳಿದೆ, "ಅದು ಖೊಟ್ಟಿ ಶಿಕ್ಕಾ ಅಕ್ಕಾ. ಯಾರೋ ನಮ್ಮ ಲೈಬ್ರರಿದು ಮಾಡಿಸಿ ಹೊಡದಾರ." ಅವಳು ನನ್ನನ್ನೇ ನೋಡಿದಳು. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟನ್ನು ಎರಡು ಸಲ ತಟ್ಟಿ ಕಣ್ಣು ಮುಚ್ಚಿಕೊಂಡಳು.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ರಜೆ ಮುಗಿಸಿ ಖಾನಾಪುರಕ್ಕೆ ಹೋದ ದಿನವೇ ಫಲಕ ಇಳಿಸಿದೆ. ಮೇಲಿನವರು ಬೇಡ ಎಂದಿದ್ದಾರೆ ಎಂದು ಗುರೂಜಿಗೆ ಹೇಳಿದೆ. ಮೇಲಿನವರಿಗೆ ಅಂಥದ್ದೊಂದು ಫಲಕ ಇರುವುದೇ ಗೊತ್ತಿರಲಿಲ್ಲ, ಪಾಪ. ಗುರೂಜಿ ಗೋಡೆಯಲ್ಲಿ ಉಳಿದ ಮೊಳೆಗಳನ್ನು ನೋಡಿ ಪತ್ರಿಕೆಯ ಮೇಜಿಗೆ ಹೋದರು. ಶನಿವಾರದ ಮಂದಿ ಒಂದೆರಡು ವಾರ ಬಂದು, ಆಮೇಲೆ ಬಿಟ್ಟರು. ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದನ್ನು ಈಗ ಹೇಳುತ್ತೇನೆ. ಆ ಫೋಟೋ ಇನ್ನೂ ತಿರುಗುತ್ತಿದೆ ಎಂದು ನನಗೆ ಗೊತ್ತಿತ್ತು. ಅದು ಸುಳ್ಳು ಎಂದು ಕೂಗಿ ಹೇಳಬಲ್ಲವಳು ನಾನೊಬ್ಬಳೇ. ಹೇಳಬೇಕಾದರೆ ಶಿಕ್ಕಾ ನನ್ನದೇ ಎಂದೂ ಹೇಳಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಎಂಟು ತಿಂಗಳು.

ಮನೆಯಲ್ಲಿ ಅಕ್ಕ ಗೋಡೆ ಹಿಡಿದು ನಡೆಯುವುದನ್ನು ಕಲಿತಳು. ಮಷೀನಿಗೆ ಹಳೆಯ ಸೀರೆ ಹೊದಿಸಿದೆವು. ಗಿರಾಕಿಗಳು ಅರ್ಧ ಹೊಲಿದ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಬಂದು ಒಯ್ದರು. ಒಬ್ಬಾಕೆ ಸಂಕೋಚಪಟ್ಟುಕೊಂಡು ಬರಲೇ ಇಲ್ಲ, ಅವಳ ಹಳದಿ ಬ್ಲೌಸು ತೋಳಿಲ್ಲದೆ ಈಗಲೂ ಗೂಟಕ್ಕೆ ತೂಗುತ್ತಿದೆ. ಓದು ಮಾತ್ರ ಹೋಗಿರಲಿಲ್ಲ. ಪುಸ್ತಕವನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಹಾಳೆ ತಿರುವುತ್ತಿದ್ದಳು. ಎಣ್ಣೆ ಹಚ್ಚಿ ಅವಳ ಬಲಗೈ ತಿಕ್ಕುವಾಗ ಪ್ರತಿ ದಿನ ಇಂದು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ, ಎಣ್ಣೆಯ ಬಟ್ಟಲು ಎತ್ತಿಟ್ಟು ಎದ್ದು ಹೋಗುತ್ತಿದ್ದೆ. ಹೇಳಿದರೆ ಅವಳು ನನ್ನನ್ನು ಯಾವ ಕಣ್ಣಿನಿಂದ ನೋಡಿಯಾಳು ಎಂಬ ಹೆದರಿಕೆ. ನನಗೆ ಅವಳನ್ನು ಬಿಟ್ಟರೆ ಯಾರಿದ್ದರು?

ಕಳೆದ ಚಳಿಗಾಲದಲ್ಲಿ ಗುರೂಜಿ ಒಂದು ಬೆಳಿಗ್ಗೆ ಪತ್ರಿಕೆ ಮುಟ್ಟದೆ ನೇರ ನನ್ನ ಮೇಜಿಗೆ ಬಂದರು. ಅವರ ಸೊಸೆಯ ತಾಯಿ ಹಳ್ಳಿಯಲ್ಲಿ ಗುಳಿಗೆ ಬಿಟ್ಟು ಕಷಾಯ ಕುಡಿಯಲು ಶುರುಮಾಡಿದ್ದರಂತೆ. ತಲೆತಿರುಗಿ ಬಿದ್ದದ್ದರಿಂದ ವಿಷಯ ಬಯಲಾಗಿ ಮತ್ತೆ ಗುಳಿಗೆ ಕೊಟ್ಟಿದ್ದರಂತೆ, ಜೀವಕ್ಕೆ ಅಪಾಯವಾಗಲಿಲ್ಲ. ಅವರು ಫೋನನ್ನು ನನ್ನ ಮುಂದೆ ಇಟ್ಟರು. ಅದೇ ಫೋಟೋ. ಪಕ್ಕದಲ್ಲಿ ಅಂದಿನ ಪತ್ರಿಕೆ ಇತ್ತು, ನಾನು ಆಗಷ್ಟೇ ಶಿಕ್ಕಾ ಹೊಡೆದು ತಾರೀಖು ಬರೆದದ್ದು. ಅವರು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು.

"ಮ್ಯಾಡಂ, ನಿಮ್ಮ ಅಕ್ಕಾರಿಗೂ ಹಿಂಗಽ ಆತೇನ್ರಿ?" ಎಂದರು.

ಹೌದು ಎಂದೆ. ಅವರು ಎದುರಿನ ಕುರ್ಚಿಯಲ್ಲಿ ಕೂತರು. "ಶಿಕ್ಕಾ ಯಾಕ ಅಂತ ನಾನೂ ಕೇಳಿ ಸುಮ್ನಾದಾಂವ. ಇದರಾಗ ನನ್ನ ಪಾಲೂ ಐತಿ. ಆದ್ರ ಇನ್ನ ಮುಚ್ಚೂದು ಬ್ಯಾಡ್ರಿ. ಎಷ್ಟ ಮನ್ಯಾಗ ಎಷ್ಟ ಮಂದಿ ಕುಡ್ಯಾಕತ್ತಾರೋ ಏನೋ." ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಕೋಣೆಯಲ್ಲಿ ಏಳೆಂಟು ಜನ ಇದ್ದರು. ಅವರ ಎದುರಿಗೇ ಒಂದು ದೊಡ್ಡ ಕಾಗದದ ಮೇಲೆ ಬರೆದೆ. 'ಈ ಶಿಕ್ಕಾ ನಮ್ಮದೇ. ಹೊಡೆದವಳು ನಾನು. ಖರೇ ಹೌದೋ ಅಲ್ಲವೋ ಎಂದು ನೋಡಲು ಹಚ್ಚಿದ ಕಾಗದ ಇದು. ಇದರಲ್ಲಿರುವುದು ಸುಳ್ಳು. ಡಾಕ್ಟರರನ್ನು ಕೇಳದೆ ಗುಳಿಗೆ ಬಿಡಬೇಡಿ. ಇದನ್ನು ನಂಬಿ ನನ್ನ ಅಕ್ಕನ ಕೈ ಹೋಗಿದೆ.' ಅದನ್ನು ಓದಿ ಹೇಳಿದೆ. ಗುರೂಜಿ ಮರಾಠಿಯಲ್ಲಿ ಕೆಳಗೆ ಬರೆದು, ಫೋಟೋ ತೆಗೆದು, ತಮ್ಮ ಗುಂಪುಗಳಿಗೆಲ್ಲ ಕಳಿಸಿದರು. ಅಲ್ಲಿದ್ದವರೂ ಕಳಿಸಿದರು. ಒಬ್ಬಿಬ್ಬರು ಕೈ ಮುಗಿದ ಚಿತ್ರ ಹಾಕಿದರು. ಅಷ್ಟರಲ್ಲೇ ಅದರ ಮೇಲೆ ಗುಲಾಬಿ ಹೂವಿನ ಶುಭೋದಯ, ಅದರ ಮೇಲೆ ಯಾರದೋ ಹುಟ್ಟುಹಬ್ಬ. ಎಲೆಯ ಫೋಟೋ ಊರೂರು ಸುತ್ತಿತ್ತು. ನನ್ನ ಕಾಗದ ಮಧ್ಯಾಹ್ನದೊಳಗೆ ನಿಂತುಹೋಯಿತು. ಅದರಿಂದ ಒಬ್ಬರಾದರೂ ಗುಳಿಗೆಗೆ ಮರಳಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಮುಂದೆ ಗೊತ್ತಾಗುವುದೂ ಇಲ್ಲ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟವಳು ಎರಡು ಲೋಟ ಚಹಾ ಮಾಡಿ ತಂದು ಅವಳ ಮುಂದೆ ಕೂತೆ. ಇನ್ನು ತಡಮಾಡಿದರೆ ಮತ್ತೆ ಎದ್ದು ಹೋಗುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. "ಅಕ್ಕಾ, ಆ ಶಿಕ್ಕಾ ಖೊಟ್ಟಿ ಅಲ್ಲ. ನಾನಽ ಹೊಡದಿದ್ದೆ. ಆಸ್ಪತ್ರ್ಯಾಗ ನಿನಗ ಸುಳ್ಳ ಹೇಳಿದೆ."

ಅವಳು ಪುಸ್ತಕದಲ್ಲಿ ಗುರುತಿಗೆ ಒಂದು ದಾರದ ತುಂಡು ಇಟ್ಟಳು. ಅವಳ ಮಾತನ್ನು ನಾನಿಲ್ಲಿ ಜೋಡಿಸಿ ಬರೆಯುತ್ತಿದ್ದೇನೆ. ಅವಳಿಗೆ ಅದನ್ನು ಹೇಳಿ ಮುಗಿಸಲು ಎರಡು ಲೋಟ ಚಹಾ ಪೂರ್ತಿ ಆರುವಷ್ಟು ಹೊತ್ತು ಹಿಡಿಯಿತು.

"ಗೊತ್ತಿತ್ತ ನನಗ. ಶಿಕ್ಕಾ ಯಾರರ ಮಾಡಸ್ತಾರ, ಬಿಡು. ಒಳಗಿನ ತಾರೀಖ ನಿನ್ನ ಕೈದು."

"ಮತ್ತ ಅವತ್ತಽ ಯಾಕ ಅನ್ನಲಿಲ್ಲಾ?"

"ನೀ ಅಳಾಕತ್ತಿದ್ದಿ."

ನಾನು ಅವಳ ಬಿದ್ದುಹೋದ ಕೈಯನ್ನು ಹಿಡಿದುಕೊಂಡೆ. ಅದು ತಣ್ಣಗಿತ್ತು. ಇನ್ನೊಂದನ್ನು ಕೇಳದೆ ಇರಲಾಗಲಿಲ್ಲ. "ಗುಳಿಗಿ ಬಿಡೂಕಿಂತ ಮೊದಲ ಒಂದ ಮಾತ ನನ್ನ ಕೇಳಬಾರದಿತ್ತೇನ ಅಕ್ಕಾ?"

ಅವಳು ಬಹಳ ಹೊತ್ತು ತುಟಿ ಹೊಂದಿಸಿಕೊಂಡಳು. "ನೀನಽ ಹಚ್ಚೀದಿ ಅಂದಮ್ಯಾಲ ಏನ ಕೇಳೂದು? ಕೇಳಿದ್ರ ಬೈತಿದ್ದಿ."

ಅವಳು ಅದನ್ನು ನೋಯಿಸಲೆಂದು ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು, ಹೇಳಿ ಆರಿದ ಚಹಾವನ್ನೇ ಎಡಗೈಯಿಂದ ಎತ್ತಿ ಕುಡಿದಳು. ಖಾನಾಪುರದ ಒಂದು ಕೋಣೆಗೆ ಕೇಳುವುದನ್ನು ಕಲಿಸಿದೆ ಎಂದು ಶಾಲು ಹೊದ್ದವಳು ನಾನು. ನಾನು ಶಾಲೆಗೆ ಹೋಗುವಾಗ ಹಿಂಡಿನ ಹಿಂದೆ ಹೋದವಳಿಗೆ ಕೇಳಬೇಡ ಎಂದು ಕಲಿಸಿದ್ದೆ.

ಆಸ್ಪತ್ರೆಯಿಂದ ಬಂದಾಗಿನಿಂದ ಅವಳದ್ದೊಂದು ಪದ್ಧತಿ ಇದೆ. ಊಟವಾದ ಮೇಲೆ ನಾನು ಗುಳಿಗೆ ಕೊಡಲು ಹೋದರೆ ಅವಳು ಬಾಯಿ ತೆರೆಯುವುದಿಲ್ಲ, ಕೈ ಚಾಚುತ್ತಾಳೆ. ಗುಳಿಗೆಯ ಹಾಳೆಯನ್ನು ತೊಡೆಯ ಮೇಲಿಟ್ಟು, ಪಕ್ಕದಲ್ಲಿ ಡಾಕ್ಟರರು ಅಚ್ಚು ಹಾಕಿಕೊಟ್ಟ ಚೀಟಿ ಬಿಡಿಸಿಟ್ಟು, ಎಡಗೈಯ ಬೆರಳನ್ನು ಒಮ್ಮೆ ಇದರ ಮೇಲೆ, ಒಮ್ಮೆ ಅದರ ಮೇಲೆ ಇಡುತ್ತ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಬರೀ ಆಕಾರ ನೋಡಿ ಹೊಂದಿಸುತ್ತಾಳೆ. ಲಕ್ವಾದಿಂದ ಬುದ್ಧಿ ಮಂದವಾಗಿದೆ ಎಂದುಕೊಂಡು ಎಂಟು ತಿಂಗಳು ನಾನು ಒಳಗೊಳಗೇ ಸಿಡಿಮಿಡಿಗೊಂಡಿದ್ದೆ, ನಾನು ಕೊಡುತ್ತಿದ್ದೇನಲ್ಲ, ನುಂಗು ಎಂದು ಒಂದೆರಡು ಸಲ ಅಂದದ್ದೂ ಉಂಟು. ಆ ರಾತ್ರಿಯೂ ಅವಳು ಹಾಗೇ ನೋಡಿದಳು, ಅಂದು ನನಗೆ ಅರ್ಥವಾಯಿತು. ನನ್ನ ಮೇಲೆ ಅವಳಿಗೆ ಮುನಿಸಿಲ್ಲ. ನನ್ನ ತಲೆ ಸವರುತ್ತಾಳೆ, ಹಸಿದು ಬಂದಿದ್ದೀ ಎಂದು ತಾಟು ಸರಿಸುತ್ತಾಳೆ. ನನ್ನ ಕೈಯಿಂದ ಬಂದದ್ದನ್ನು ಮಾತ್ರ ಈಗ ನೋಡದೆ ನುಂಗುವುದಿಲ್ಲ. ಕೊನೆಯ ಅಕ್ಷರಕ್ಕೆ ಬೆರಳು ಮುಟ್ಟುವವರೆಗೆ ನಾನು ನೀರಿನ ಲೋಟ ಹಿಡಿದು ಅವಳ ಪಕ್ಕದಲ್ಲಿ ನಿಂತಿರುತ್ತೇನೆ.